ಕುಡಿಯುವ ರೆಸ್ಟೋರೆಂಟ್

ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ರೆಸ್ಟೋರೆಂಟನ್ನು ಬಟ್ಟಲಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ಫ್ರೆಂಚಿನ 'ರೆಸ್ತೊರೇ' ಎಂದರೆ ಚೇತರಿಸುವಂತೆ ಮಾಡುವುದು. ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಸಾರವನ್ನೆಲ್ಲ ಇಳಿಸಿಕೊಂಡ ರಸಕ್ಕೆ ಆ ಹೆಸರಿತ್ತು; ಕುಡಿದರೆ ಬಲ ಬರುತ್ತದೆಂಬ ನಂಬಿಕೆ. ಜ್ವರ ಬಿಟ್ಟವರಿಗೆ ನಮ್ಮಲ್ಲಿ ಮೆಣಸಿನ ಸಾರು ಕೊಡುವ ಹಾಗೆ.

1760ರ ದಶಕದಲ್ಲಿ ಇದನ್ನೇ ಮಾರುವ ಅಂಗಡಿಗಳು ತೆರೆದವು. ಅಲ್ಲಿಯವರೆಗೆ ಊಟಕ್ಕೆ ಹೊರಗೆ ಹೋದವರು ಸಾಮಾನ್ಯವಾಗಿ ಗೊತ್ತಾದ ಹೊತ್ತಿಗೆ, ಉದ್ದ ಮೇಜಿಗೆ ಅಪರಿಚಿತರ ಜೊತೆ ಕೂತು, ತಂದಿಟ್ಟದ್ದನ್ನು ತಿನ್ನಬೇಕಿತ್ತು. ನಾಚಿಕೆಯವನು ಅರೆಹೊಟ್ಟೆಯಲ್ಲಿ ಏಳುತ್ತಿದ್ದ ಎಂದೇ ನನ್ನ ಊಹೆ. ಹೊಸ ಅಂಗಡಿಯಲ್ಲಿ ಬೇರೆ ಬೇರೆ ಪುಟ್ಟ ಮೇಜು, ಬೇಕಾದ ಹೊತ್ತಿಗೆ ಊಟ, ಆರಿಸಿಕೊಳ್ಳಲು ಬೆಲೆ ಬರೆದ ಪಟ್ಟಿ. ಸೊರಗಿದವರ ನೆಪದಲ್ಲಿ ಶುರುವಾದ ಈ ಉಪಚಾರ ಗಟ್ಟಿಮುಟ್ಟಾದವರಿಗೂ ಹಿಡಿಸಿತು. ಹೆಸರು ರಸವನ್ನು ಬಿಟ್ಟು ಜಾಗಕ್ಕೆ ಅಂಟಿಕೊಂಡಿತು.

ಅಂದಹಾಗೆ, ಹೋಟೆಲ್ ಕೂಡ ಫ್ರೆಂಚ್ ಮೂಲದ್ದೇ. ಅದಕ್ಕೂ ಹಾಸ್ಪಿಟಲ್‌ಗೂ ಬೇರು ಒಂದೇ ಲ್ಯಾಟಿನ್ ಪದ. ಇಂಗ್ಲಿಷಿನವರು ಹೋಟೆಲಿನಲ್ಲಿ ಮಲಗುತ್ತಾರೆ, ನಾವು ದೋಸೆ ತಿಂದು ಎದ್ದು ಬರುತ್ತೇವೆ. ಬೋರ್ಡಿನ ಮೇಲೆ ರೆಸ್ಟೋರೆಂಟ್ ಎಂದು ಬರೆದ ಕೂಡಲೇ ಅದೇ ಕಾಫಿಯ ಬೆಲೆ ಏರುವುದನ್ನು ಕಂಡಿರುವುದರಿಂದ, ನನ್ನ ಒಲವು ಈಗಲೂ ಹೋಟೆಲ್ ಕಡೆಗೇ.