ಲ ಪ್ವಿಗೆ ಹೋಗುವವರೇ, ‘ಕಾರ್’ ಅಂದರೆ ಕಾರಲ್ಲ

ಮಗಳು ಫ್ರಾನ್ಸಿನ ಲಿಯೋನ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ನಾನು, ನಮ್ಮವರು ಇಬ್ಬರೇ ಲ ಪ್ವಿ-ಆಂ-ವಲೇ ಎಂಬ ಊರಿಗೆ ಹೋಗಿ ಬಂದೆವು. 20,000 ಜನ ಕೂಡ ಇಲ್ಲದ ಊರು. ಜ್ವಾಲಾಮುಖಿಯಿಂದ ಎದ್ದ ಬಂಡೆಗಳು ಊರಿನ ನಡುವೆಯೇ ಗೂಟ ಹೊಡೆದ ಹಾಗೆ ನಿಂತಿವೆ. ಒಂದರ ತಲೆಯ ಮೇಲೆ ಚರ್ಚು, ಇನ್ನೊಂದರ ಮೇಲೆ ಮೇರಿಯ ಪ್ರತಿಮೆ. ಫೋಟೋ ನೋಡಿಯೇ ಹೊರಟಿದ್ದು ನಾವು.

ಮೊದಲ ತಪ್ಪು, ಭಾನುವಾರ ಹೊರಟಿದ್ದು. ಮಗಳು ಟಿಕೆಟ್ ತೆಗೆದುಕೊಟ್ಟಿದ್ದಳು. ಸೇಂಟ್ ಎತಿಯೆನ್‌ನಲ್ಲಿ ಇಳಿದು ಬದಲಾಯಿಸಬೇಕು. ಎರಡನೇ ಪ್ರಯಾಣದ ಮುಂದೆ ಸಣ್ಣಕ್ಷರದಲ್ಲಿ ‘ಕಾರ್’ ಅಂತ ಇತ್ತು. ‘ನೋಡೇ, ನಮಗೆ ಕಾರ್ ಕಳಿಸ್ತಾರಂತೆ’ ಅಂತ ನಮ್ಮವರು ನಕ್ಕರು. ನಾನೂ ನಕ್ಕೆ. ಫ್ರೆಂಚಿನಲ್ಲಿ ‘ಕಾರ್’ ಅಂದರೆ ದೂರದ ಊರಿಗೆ ಹೋಗುವ ಬಸ್ಸು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ನಾವು ಪ್ಲಾಟ್‌ಫಾರ್ಮಿನಲ್ಲಿ ಬೋರ್ಡು ನೋಡುತ್ತಾ ನಿಂತಿದ್ದಾಗ, ಬಸ್ಸು ನಿಲ್ದಾಣದ ಹೊರಗೆ ನಿಂತಿತ್ತು. ಹೊರಟೂ ಹೋಯಿತು.

ಮುಂದಿನದು ಎರಡೂವರೆ ಗಂಟೆ ಬಿಟ್ಟು. ಅದೂ ಬಸ್ಸೇ! ಸುತ್ತ ಅಂಗಡಿಗಳೆಲ್ಲ ಮುಚ್ಚಿದ್ದವು. ಯಂತ್ರಕ್ಕೆ ಎರಡು ಯೂರೋ ಹಾಕಿದರೆ ಬಿಸ್ಕತ್ತಿನ ಪೊಟ್ಟಣ ಅರ್ಧ ಜಾರಿ ಅಲ್ಲೇ ನೇತಾಡಿತು. ನಮ್ಮವರು ಯಂತ್ರಕ್ಕೆ ಭುಜ ಕೊಟ್ಟು ಅಲ್ಲಾಡಿಸಿದರು, ಬೀಳಲಿಲ್ಲ. ಕೊನೆಗೆ ಬಂದ ಬಸ್ಸಿನಲ್ಲಿ ಸೀಟೇನೋ ಸಿಕ್ಕಿತು. ಆದರೆ ಕಿಟಕಿ ತೆಗೆಯುವ ಹಾಗಿಲ್ಲ, ಏಸಿ ಕೆಟ್ಟಿತ್ತು, ಮುಂದಿನ ಸೀಟಿನವನು ಬೆನ್ನನ್ನು ನನ್ನ ಮಂಡಿಯವರೆಗೆ ಒರಗಿಸಿಬಿಟ್ಟ.

ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಇಲ್ಲಿ ರೈಲು ದಾರಿ ಲ್ವಾರ್ ನದಿಯ ಪಕ್ಕದಲ್ಲೇ ಕಣಿವೆಯಲ್ಲಿ ಸಾಗುತ್ತದೆ. ಬಸ್ಸು ಮೇಲಿನ ಹೆದ್ದಾರಿ ಹಿಡಿಯುತ್ತದೆ. ನದಿ ನೋಡಬೇಕೆಂದು ಹೊರಟವಳು ದಾರಿಯುದ್ದಕ್ಕೂ ಲಾರಿಗಳ ಹಿಂಭಾಗ ನೋಡಿದೆ. ಹಾಗಾಗಿ ಟಿಕೆಟ್ ತೆಗೆಯುವಾಗ ‘ಕಾರ್’ ಇದೆಯಾ ನೋಡಿ. ಇದ್ದರೆ ಬೇರೆ ಹೊತ್ತಿನ ರೈಲು ಹುಡುಕಿ.

ಕೋಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ‘ಕ್ಯಾಥೆಡ್ರಲ್‌ಗೆ ಎರಡೇ ನಿಮಿಷ’ ಅಂತ ಓದಿ ಊರಿನ ಮೇಲ್ಭಾಗದಲ್ಲಿ ಹಿಡಿದೆವು. ಎರಡು ನಿಮಿಷ ಸರಿ, ಆದರೆ ಅಲ್ಲಿಗೆ ಬರುವ ಬೀದಿಗಳು ಗೋಡೆಯ ಹಾಗೆ ಕಡಿದು. ಉರುಟು ಕಲ್ಲಿನ ಹಾಸು. ಸೂಟ್‌ಕೇಸಿನ ಒಂದು ಚಕ್ರ ಅಲ್ಲೇ ಹೋಯಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ರಾತ್ರಿಗೆ 96 ಯೂರೋ, ಬೆಳಗಿನ ಬ್ರೆಡ್ಡು ಕಾಫಿಗೆ ಮತ್ತೆ ತಲಾ 14. ಮಂಡಿ ನೋವಿದ್ದರೆ ಕೆಳಗೆ ಪ್ಲಾಸ್ ದು ಬ್ರಯ್ ಚೌಕದ ಸುತ್ತ ಉಳಿದುಕೊಳ್ಳಿ. ಅಲ್ಲಿ ನೆಲ ಸಮತಟ್ಟು.

ಈಗ ಊಟ. ಈ ಊರಿನ ಹೆಸರು ಹೇಳಿದರೆ ಫ್ರಾನ್ಸಿನವರಿಗೆ ನೆನಪಾಗುವುದು ಹಸಿರು ಲಾಂತಿ. ಅದು ನಮ್ಮ ಇಡೀ ಚನ್ನಂಗಿ ಕಾಳಿನ ಜಾತಿಯೇ, ಬಣ್ಣ ಮಾತ್ರ ಕಡುಹಸಿರು. ಡಾರ್ಜಿಲಿಂಗ್ ಚಹಾಕ್ಕೆ ಇರುವ ಹಾಗೆ ಇದಕ್ಕೂ ಊರಿನ ಹೆಸರಿನ ರಕ್ಷಣೆ 1996ರಿಂದ ಇದೆ. ಕಾಳಿನ ಊರು ಅಂದಮೇಲೆ ಸಸ್ಯಾಹಾರಿಗಳಿಗೆ ಹಬ್ಬ ಅಲ್ವಾ ಅಂದುಕೊಂಡಿದ್ದೆ. ಮೊದಲ ರಾತ್ರಿ ತಟ್ಟೆ ಬಂತು. ಕಾಳಿನ ಮೇಲೆ ದಪ್ಪ ಹಂದಿ ಸಾಸೇಜು. ಎತ್ತಿ ಬದಿಗಿಡೋಣ ಅಂದರೆ ಕಾಳಿನೊಳಗೂ ಹಂದಿಮಾಂಸದ ಚೂರು. ಬ್ರೆಡ್ಡು, ಬೆಣ್ಣೆ ತಿಂದು ಮಲಗಿದೆವು. ಅಲ್ಲಿ ಲಾಂತಿ ಅಂದರೆ ಸಾಸೇಜಿನ ಜೊತೆಗಾರ. ಮಾಂಸ ಬೇಡ ಅಂದರೆ ಸಾಸೇಜು ಮಾತ್ರ ತೆಗೆಯುತ್ತಾರೆ. ಅದಕ್ಕೇ ‘ಸಾಂ ವಿಯಾಂದ್, ಸಾಂ ಲಾರ್ದೋಂ’ ಅಂತ ಎರಡನ್ನೂ ಹೇಳಿ. ಮಾಂಸ ಬೇಡ, ಹಂದಿ ಚೂರೂ ಬೇಡ ಅಂತ ಅರ್ಥ.

ಮಾರನೆಯ ದಿನ ಪ್ಲಾಸ್ ದು ಪ್ಲೋ ಚೌಕದ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಊಟದ ಜಾಗ ಕಣ್ಣಿಗೆ ಬಿತ್ತು. ಆರೇ ಮೇಜು. ತಾಯಿ ಒಳಗೆ ಅಡಿಗೆ, ಮಗ ಹೊರಗೆ ಬಡಿಸುವುದು. ನನ್ನ ಎರಡು ಫ್ರೆಂಚ್ ವಾಕ್ಯ ಕೇಳಿ ಮಗ ಒಳಗೆ ಹೋದ. ತಾಯಿಯೇ ಕೈ ಒರೆಸಿಕೊಳ್ಳುತ್ತಾ ಬಂದು, ಮೊಟ್ಟೆ ಆಗುತ್ತದಾ, ಚೀಸ್ ಆಗುತ್ತದಾ ಅಂತ ಒಂದೊಂದೇ ಕೇಳಿದರು. ಆಮೇಲೆ ಬಂತು ನೋಡಿ ಬಟ್ಟಲು. ಉಗುರುಬೆಚ್ಚಗಿನ ಕಾಳು, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಎಳೆ ಈರುಳ್ಳಿ, ಸಾಸಿವೆ ಅರೆದು ವಿನೆಗರ್ ಬೆರೆಸಿದ ಎಣ್ಣೆ. ಜೊತೆಗೆ ಆಡಿನ ಹಾಲಿನ ಚೀಸು, ಬೇಕಾದಷ್ಟು ಬ್ರೆಡ್ಡು. ಕಾಳು ಬೆಂದಿದೆ, ಆದರೆ ಒಂದೂ ಒಡೆದಿಲ್ಲ. ಸಿಪ್ಪೆ ಹಲ್ಲಿಗೆ ಸಿಗುವುದೇ ಇಲ್ಲ. ಒಂದು ಬಟ್ಟಲಿಗೆ 9 ಯೂರೋ. ಹೊರಡುವವರೆಗೂ ಮಧ್ಯಾಹ್ನ ನಾವು ಅಲ್ಲೇ. ಮೂರನೇ ಸಲ ಹೋದಾಗ ಕೇಳದೇ ತಂದಿಟ್ಟರು.

ಆದರೆ ಹನ್ನೆರಡರಿಂದ ಎರಡರ ಒಳಗೆ ಹೋಗಬೇಕು. ಎರಡೂಕಾಲಿಗೆ ಹೋದರೆ ಇಡೀ ಊರಿನಲ್ಲಿ ಒಲೆ ಆರಿರುತ್ತದೆ. ಸೋಮವಾರವೂ ಎಷ್ಟೋ ಬಾಗಿಲು ತೆರೆಯುವುದಿಲ್ಲ.

ನೋಡುವುದರಲ್ಲಿ ಒಂದನ್ನೇ ಹತ್ತುವುದಾದರೆ ಎಗ್ವಿಲ್ ಬಂಡೆ ಹತ್ತಿ. 268 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದು ಕಾಲು ಭಾಗ. ತುದಿಯಲ್ಲಿ 10ನೇ ಶತಮಾನದ ಸಂತ ಮಿಷೆಲನ ಗುಡಿ. ಒಳಗೆ ಕತ್ತಲು, ಮಾಸಿದ ಚಿತ್ರಗಳು, ತಂಪು. ಬೆಳಿಗ್ಗೆ ಬೇಗ ಹೋದರೆ ನೀವೇ ನೀವು. ಕೆಂಪು ಬಣ್ಣದ ಮೇರಿ ಪ್ರತಿಮೆ 16 ಮೀಟರ್ ಎತ್ತರ. ಕ್ರಿಮಿಯಾ ಯುದ್ಧದಲ್ಲಿ ಸೆವಸ್ತೋಪೋಲ್‌ನಿಂದ ವಶಪಡಿಸಿಕೊಂಡ 213 ಫಿರಂಗಿಗಳನ್ನು ಕರಗಿಸಿ 1860ರಲ್ಲಿ ನಿಲ್ಲಿಸಿದ್ದು. ಹೊಟ್ಟೆಯೊಳಗೆ ಏಣಿ ಇದೆ. ಬಿಸಿಲಿಗೆ ಕಬ್ಬಿಣ ಕಾದು ಒಳಗೆ ಬಾಣಲೆಯ ಹಾಗೆ. ನಾನು ಅರ್ಧಕ್ಕೇ ಇಳಿದೆ. ಹೊರಗಿಂದ ನೋಡಿದರೆ ಸಾಕು.

ಬೆಳಿಗ್ಗೆ ಏಳಕ್ಕೆ ಕ್ಯಾಥೆಡ್ರಲ್‌ಗೆ ಮಾತ್ರ ತಪ್ಪದೇ ಹೋಗಿ, ಕ್ರೈಸ್ತರಲ್ಲದಿದ್ದರೂ. ಸ್ಪೇನಿನ ಸಾಂತಿಯಾಗೋ ಎಂಬ ಯಾತ್ರಾಸ್ಥಳಕ್ಕೆ ಸುಮಾರು 1500 ಕಿಲೋಮೀಟರ್ ನಡೆಯುವವರು ಇಲ್ಲಿಂದ ಹೊರಡುತ್ತಾರೆ. ಪೂಜೆ ಮುಗಿದ ಮೇಲೆ ಚರ್ಚಿನ ನೆಲವೇ ತೆರೆದುಕೊಳ್ಳುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡವರು ಆ ಮೆಟ್ಟಿಲಿನಿಂದ ಸೀದಾ ಬೀದಿಗೆ ಇಳಿದು ನಡೆಯಲು ಶುರು ಮಾಡುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನೋಡಿದ ನನಗೆ ಅದೇ ಕಾಲುಗಳು, ಅದೇ ಬ್ಯಾಂಡೇಜು ಅನ್ನಿಸಿತು. ನೂಕುನುಗ್ಗಲು ಇರುತ್ತದೆ. ನನಗೆ ಗುಂಪು ಆಗದು, ಆದರೂ ನಿಂತೆ.

ಲೇಸು, ಅಂದರೆ ದಾರದಲ್ಲಿ ಹೆಣೆದ ಜಾಲರಿ ಬಟ್ಟೆ, ಕೊಳ್ಳುವವರು ಹುಷಾರು. ಕ್ಯಾಥೆಡ್ರಲ್ ಕೆಳಗಿನ ಬೀದಿಯಲ್ಲಿ ನಾನು ‘ಕೈಯಲ್ಲಿ ಹೆಣೆದದ್ದು’ ಅಂತ ನಂಬಿ 22 ಯೂರೋ ಕೊಟ್ಟದ್ದು ಯಂತ್ರದ್ದು. ಮಗಳು ತಿರುಗಿಸಿ ನೋಡಿ ಒಂದೇ ನಿಮಿಷಕ್ಕೆ ಹೇಳಿದಳು. ಕಾಳು ಮಾತ್ರ ಸೂಪರ್‌ಮಾರ್ಕೆಟಿನಲ್ಲಿ ತೆಗೆದುಕೊಳ್ಳಿ, ಬಣ್ಣದ ಡಬ್ಬಿಗೆ ಸುಮ್ನೆ ದುಡ್ಡು ಜಾಸ್ತಿ. ಮನೆಗೆ ಬಂದು ಸಾರು ಮಾಡಿದೆ, ಕಾಳು ಕರಗಲೇ ಇಲ್ಲ. ಬೇಯಿಸಿ ಕೋಸಂಬರಿ ಮಾಡಿದರೆ ಚೆನ್ನ.

ವಾಪಸ್ ಬರುವಾಗ ರೈಲೇ ಸಿಕ್ಕಿತು. ಲ್ವಾರ್ ನದಿ ಕಿಟಕಿಯ ಈ ಕಡೆ, ಆ ಕಡೆ ಬದಲಾಯಿಸುತ್ತಾ ಜೊತೆಗೇ ಬಂತು. ‘ನೋಡಿ ನೋಡಿ’ ಅಂತ ತಿರುಗಿದರೆ, ನಮ್ಮವರು ಬಾಯಿ ತೆರೆದು ನಿದ್ದೆ ಹೋಗಿದ್ದರು.