ಬಾರದವರ ಬೈಗುಳ ಬಂದವರಿಗೆ

ಬೀದರ್‌ ಕಡೆ ಚರ್ಚಿನಲ್ಲಿ ಜನ ಕಡಿಮೆಯಾದರೆ ಪ್ರಸಂಗದಲ್ಲೇ, ಅಂದರೆ ಪಾಸ್ಟರ ಉಪದೇಶದಲ್ಲೇ, ಬೈಗುಳ ಶುರುವಾಗುತ್ತದೆ. ಬೈಬಲಿನ ಇಬ್ರಿಯರಿಗೆ 10:25 ತೆಗೆದು, ಸಭೆ ಕೂಡುವುದನ್ನು ಬಿಡಬೇಡಿ ಅಂತ ಜೋರು ಮಾಡುತ್ತಾರೆ. ಕೇಳಿಸಿಕೊಳ್ಳುವವರು ಯಾರು? ಪಾಪ, ಬಂದು ಕೂತವರು!

ಮೊಬೈಲ್ ಹಾಳು ಮಾಡಿತು, ಯೌವನಸ್ಥರಿಗೆ ಭಕ್ತಿ ಇಲ್ಲ ಅನ್ನುವುದು ಸುಲಭ. ಭಕ್ತಿ ಇಲ್ಲದಿದ್ದರೆ ಕ್ರಿಸ್ಮಸ್ ದಿನ ಅಂಗಳದಲ್ಲಿ ಶಾಮಿಯಾನ ಯಾಕೆ ಹಾಕಬೇಕು? ಅವತ್ತು ಹೈದರಾಬಾದ್, ಪುಣೆಯಿಂದೆಲ್ಲ ನಮ್ಮವರು ಬಂದಿರುತ್ತಾರೆ. ಅಂದರೆ ನಮ್ಮ ಚರ್ಚಿನ ಸಭೆಯ ರಿಜಿಸ್ಟರಿನಲ್ಲಿರುವ ಎಷ್ಟೋ ಹೆಸರಿನವರು ಊರಲ್ಲೇ ಇಲ್ಲ. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿ.ಮೀ., ಬೆಂಗಳೂರು ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ. ದುಡಿಯೋಕೆ ಯಾವ ಕಡೆ ಹೋಗುತ್ತಾರೆ ನೀವೇ ಹೇಳಿ. ಹೋದವರು ಅಲ್ಲಿನ ಸಭೆ ಸೇರಿದ್ದರೂ ಇಲ್ಲಿ ಲೆಕ್ಕಕ್ಕೆ ಗೈರುಹಾಜರೇ.

ಊರಲ್ಲಿರುವವರ ಕಥೆ ಬೇರೆ. ನನ್ನ ಅತ್ತಿಗೆ ನರ್ಸು. ರಾತ್ರಿ ಡ್ಯೂಟಿ ಮುಗಿಸಿ ಎಂಟಕ್ಕೆ ಹೊರಟು, ಮನೆಗೆ ಬಂದು ಮಕ್ಕಳಿಗೆ ಉಪ್ಪಿಟ್ಟು ಮಾಡಿ, ಹತ್ತಕ್ಕೆ ಚರ್ಚಿನಲ್ಲಿ ಕೂತರೆ ಮೊದಲ ಕೀರ್ತನೆಗೇ ತೂಕಡಿಕೆ. ಮಧ್ಯಾಹ್ನ ಒಂದಾದರೂ ಆರಾಧನೆ ಮುಗಿಯುವುದಿಲ್ಲ, ಪ್ರಕಟಣೆಗಳಿಗೇ ಅರ್ಧ ತಾಸು ಬೇಕು. ಹಳ್ಳಿ ಸಭೆಗಳಲ್ಲಿ ಹೆಸರು, ಉದ್ದು ಕೊಯ್ಲಿಗೆ ಬಂತೆಂದರೆ ಮುಗಿಯಿತು. ಆಗಸ್ಟ್ ಕೊನೆಗೆ ಮೋಡ ಕವಿದು ನಿಂತಾಗ, ಇವತ್ತು ಭಾನುವಾರ ಅಂತ ಕಾಯಿ ಬಿಡಿಸದೆ ಕೂರೋಕಾಗುತ್ತಾ? ಡಿಸೆಂಬರಿನಿಂದ ತೊಗರಿ ಸರದಿ. ಕೂಲಿಯವರಿಗಂತೂ ಕೆಲಸ ಸಿಕ್ಕ ದಿನವೇ ದಿನ.

2020ರ ಲಾಕ್‌ಡೌನಿನಲ್ಲಿ ಯೂಟ್ಯೂಬ್ ಆರಾಧನೆ ರೂಢಿಯಾಯಿತು. ಮೊಣಕಾಲು ನೋವಿನ ಅಜ್ಜಿಯರಿಗೆ ಅದು ಒಳ್ಳೆಯದೇ ಆಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗಟ್ಟಿಮುಟ್ಟಾಗಿರುವವರೂ ಹಾಸಿಗೆಯಲ್ಲಿ ಮಲಗಿಕೊಂಡೇ ಎಲ್ಲಿಯದೋ ದೊಡ್ಡ ಪ್ರಸಂಗಿಯ ಮಾತು ಕೇಳಿ, ನಮ್ಮ ಪಾಸ್ಟರಿಗೆ ಮಾರ್ಕ್ಸ್ ಹಾಕೋಕೆ ಶುರು ಮಾಡಿದ್ದಾರೆ.

ಇನ್ನೊಂದು ಕಾರಣವಿದೆ, ಯಾರೂ ಬಾಯಿ ಬಿಡುವುದಿಲ್ಲ. ಚರ್ಚ್ ಕಮಿಟಿಯ ಜಗಳ. ಚುನಾವಣೆಯಲ್ಲಿ ಸೋತವರು ಅಣ್ಣತಮ್ಮಂದಿರ ಮನೆಯವರನ್ನೂ ಸೇರಿಸಿಕೊಂಡು ಚರ್ಚಿಗೆ ಬರುವುದು ನಿಲ್ಲಿಸುತ್ತಾರೆ, ಗೆದ್ದವರು ಕರೆಯೋಕೆ ಹೋಗುವುದಿಲ್ಲ. ಈ ಖಾಲಿ ಬೆಂಚಿಗೂ ಮೊಬೈಲಿಗೂ ಏನು ಸಂಬಂಧ?

ನನ್ನ ಕೇಳಿದರೆ, ಭಾನುವಾರ ಸಂಜೆ ಏಳಕ್ಕೆ ಒಂದೇ ತಾಸಿನ ಇನ್ನೊಂದು ಆರಾಧನೆ ಇಟ್ಟು ನೋಡಲಿ. ಎರಡು ಮೂರು ವಾರ ಕಾಣದವರ ಮನೆಗೆ ಪಾಸ್ಟರೂ ಹಿರಿಯರೂ ಹೋಗಿ ಸುಮ್ನೆ ಚಹಾ ಕುಡಿದು ಬರಲಿ. ಕಾಣಿಕೆ ಬಾಕಿಯ ಮಾತು ಮಾತ್ರ ಅವತ್ತು ಎತ್ತಬಾರದು.