ಬಿಟ್ಟು ಹೋದವರಿಗೆ ಫೋನ್ ಮಾಡಿದ ದಿನ

ನಮ್ಮ ಗ್ರಾಹಕರ ಸಂಖ್ಯೆ 200ರ ಹತ್ತಿರ ಬಂದು ನಿಂತುಬಿಟ್ಟಿತ್ತು. ಏಳು ತಿಂಗಳು ಅಲ್ಲೇ. ಒಂದು ತಿಂಗಳು 197, ಇನ್ನೊಂದು ತಿಂಗಳು 203. ಸಣ್ಣ ಕ್ಲಿನಿಕ್‌ಗಳ ಪರವಾಗಿ ರೋಗಿಗಳಿಗೆ ಅಪಾಯಿಂಟ್‌ಮೆಂಟ್ ನೆನಪಿಸುವ ಸಾಫ್ಟ್‌ವೇರ್ ನಮ್ಮದು. ತಿಂಗಳ ಚಂದಾ, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು.

ಹೊಸಬರು ಬರುತ್ತಿರಲಿಲ್ಲ ಅಂತಲ್ಲ. ತಿಂಗಳಿಗೆ ಹತ್ತು ಕ್ಲಿನಿಕ್ ಸೇರುತ್ತಿದ್ದವು. ಜಾಹೀರಾತು ಸಾಲದು ಅಂದುಕೊಂಡೆ. ಆಮೇಲೆ ಫೀಚರ್ ಸಾಲದು ಅಂದುಕೊಂಡೆ. ಒಂದು ಸಂಜೆ ಸುಮ್ನೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರತಿ ತಿಂಗಳು ನೂರಕ್ಕೆ ಐದು ಜನ ಬಿಡುತ್ತಿದ್ದರು. ಈ ಧಂದೆಯಲ್ಲಿ ಇದಕ್ಕೆ ಚರ್ನ್ ಅನ್ನುತ್ತೇವೆ. ಐದು ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ 200ಕ್ಕೆ ಶೇ. 5 ಅಂದರೆ 10. ಬರುವವರೂ ಹತ್ತು, ಹೋಗುವವರೂ ಹತ್ತು. ಇದೇ ಲೆಕ್ಕದಲ್ಲಿ ಇವತ್ತಿನ 100 ಗ್ರಾಹಕರಲ್ಲಿ ಒಂದು ವರ್ಷಕ್ಕೆ ಉಳಿಯುವವರು 54 ಮಾತ್ರ. ಜಾಹೀರಾತಿಗೆ ಇನ್ನಷ್ಟು ಸುರಿದು ತಿಂಗಳಿಗೆ 20 ಜನರನ್ನು ತಂದರೂ 400ಕ್ಕೆ ಹೋಗಿ ಮತ್ತೆ ನಿಲ್ಲುತ್ತಿತ್ತು. ಕೊಡ ತೂತಾಗಿತ್ತು. ನಾನು ನೀರು ಹೊಯ್ಯುತ್ತಲೇ ಇದ್ದೆ.

ಯಾಕೆ ಬಿಟ್ಟಿರಿ ಅಂತ ನಾವು ಕೇಳುತ್ತಿದ್ದೆವು, ನಿಜ. ಚಂದಾ ನಿಲ್ಲಿಸುವ ಪುಟದಲ್ಲಿ ನಾಲ್ಕು ಉತ್ತರ ಇದ್ದವು. ಹೆಚ್ಚಿನವರು ಒತ್ತಿದ್ದು 'ಇನ್ನು ಅಗತ್ಯವಿಲ್ಲ' ಅನ್ನುವುದನ್ನೇ. ಅದರಿಂದ ಏನೂ ತಿಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಕಳೆದ ಮೂರು ತಿಂಗಳಲ್ಲಿ ಬಿಟ್ಟವರ ಪಟ್ಟಿ ತೆಗೆದೆ. 31 ಹೆಸರು. ಫೋನ್ ಎತ್ತಲು ನಿಜಕ್ಕೂ ಭಯವಾಯಿತು. ಎರಡು ವರ್ಷ ಹಗಲು ರಾತ್ರಿ ಕಟ್ಟಿದ್ದನ್ನು ಒಬ್ಬರು ಚೆನ್ನಾಗಿಲ್ಲ ಅಂತ ನೇರವಾಗಿ ಹೇಳಿಬಿಟ್ಟರೆ ಅನ್ನುವ ಭಯ.

ಯಾರೂ ಹಾಗೆ ಹೇಳಲಿಲ್ಲ. ಎರಡನೇ ಫೋನ್‌ನಲ್ಲೇ ಒಬ್ಬ ವೈದ್ಯರು, 'ನಾವೆಲ್ಲಿ ಬಿಟ್ವಿ? ನೀವೇ ನಿಲ್ಲಿಸಿದ್ರಲ್ಲ' ಅಂದರು. ದಾಖಲೆ ನೋಡಿದೆ. ಅವರ ಕಾರ್ಡ್ ಅವಧಿ ಮುಗಿದಿತ್ತು. ನಮ್ಮ ವ್ಯವಸ್ಥೆ ನಾಲ್ಕು ಸಲ ಹಣ ಎಳೆಯಲು ನೋಡಿ, ಒಂದೇ ಒಂದು ಮೇಲ್ ಕಳಿಸಿ, ಖಾತೆ ಮುಚ್ಚಿತ್ತು. ಆ ಮೇಲ್ ಸ್ಪ್ಯಾಮ್‌ಗೆ ಹೋಗಿತ್ತು. ಇಷ್ಟಪಟ್ಟು ಬಳಸುತ್ತಿದ್ದವರನ್ನು ನಾವೇ ಹೊರಗೆ ಹಾಕಿದ್ದೆವು. ಅಂಥವರು ಆ ದಿನ ಐದು ಜನ ಸಿಕ್ಕರು.

ಮಧ್ಯಾಹ್ನ ಒಂದು ಕ್ಲಿನಿಕ್‌ನ ರಿಸೆಪ್ಷನಿಸ್ಟ್ ಸಿಕ್ಕರು. ಮೂರು ತಿಂಗಳು ಹಣ ಕಟ್ಟಿ ಬಿಟ್ಟವರು. ಅವರ ಖಾತೆಯಿಂದ ಒಂದೇ ಒಂದು ಸಂದೇಶವೂ ಹೋಗಿರಲಿಲ್ಲ. ಸೇರಿದ ದಿನ 11 ನಿಮಿಷದಲ್ಲಿ ಮೂರು ಸಲ ಒಂದೇ ಫೈಲ್ ಹಾಕಲು ನೋಡಿದ್ದರು. ಆಮೇಲೆ ಲಾಗಿನ್ ಆಗಿರಲೇ ಇಲ್ಲ. 'ಅವತ್ತು ಏನಾಯ್ತು, ಒಂದ್ಸಲ ತೋರಿಸ್ತೀರಾ?' ಅಂತ ಕೇಳಿದೆ. ಪಾಪ, ಒಪ್ಪಿ ಸ್ಕ್ರೀನ್ ಹಂಚಿಕೊಂಡರು.

ಹಳೆಯ ಸಾಫ್ಟ್‌ವೇರ್‌ನಿಂದ ರೋಗಿಗಳ ಪಟ್ಟಿ ಇಳಿಸಿದ್ದರು. ಬೇಡದ ಕಾಲಂ ತೆಗೆಯಲು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದ್ದರು. ತಪ್ಪು ಅಂತ ಇದ್ದರೆ ಅಷ್ಟೇ. ದೇಶದ ಕೋಡ್ ಸೇರಿ 12 ಅಂಕಿಯ ಫೋನ್ ನಂಬರ್‌ಗಳು. ಸ್ಪ್ರೆಡ್‌ಶೀಟ್‌ಗೆ ಅದು ಫೋನ್ ನಂಬರ್ ಅಂತ ಹೇಗೆ ಗೊತ್ತಾಗಬೇಕು? ದೊಡ್ಡ ಸಂಖ್ಯೆ ಅಂದುಕೊಂಡು ಚಿಕ್ಕದು ಮಾಡಿತ್ತು. ಇಡೀ ಕಾಲಂನಲ್ಲಿ ನಡುವೆ ಚುಕ್ಕಿ, ಕೊನೆಗೆ 'ಇ ಪ್ಲಸ್ 11'. ಹಾಗೇ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದವು ಅಂತಲೇ. ಮತ್ತೆ ಸಿಗುವುದಿಲ್ಲ.

ಆ ಫೈಲ್‌ಗೆ ನಮ್ಮ ಸಾಫ್ಟ್‌ವೇರ್ ಕೊಟ್ಟ ಉತ್ತರ: 'ಫೈಲ್ ಸರಿಯಿಲ್ಲ.' ಕೆಂಪು ಅಕ್ಷರದಲ್ಲಿ, ಅಷ್ಟೇ. ಯಾವ ಸಾಲು, ಏನು ತಪ್ಪು, ಮುಂದೇನು ಮಾಡಬೇಕು, ಒಂದೂ ಇಲ್ಲ. ಆ ಸಾಲು ಬರೆದವನು ನಾನೇ. 'ನನಗೆ ಕಂಪ್ಯೂಟರ್ ಅಷ್ಟು ಬರಲ್ಲ ಸರ್, ನಂದೇ ತಪ್ಪಿರಬೇಕು' ಅಂದರು ಆಕೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವರದೇನೂ ತಪ್ಪಿರಲಿಲ್ಲ. ಅವರು ಚಂದಾ ನಿಲ್ಲಿಸಿದ್ದು ಮೂರನೇ ತಿಂಗಳಲ್ಲಿ. ಆದರೆ ನಮ್ಮನ್ನು ಬಿಟ್ಟಿದ್ದು ಮೊದಲ ದಿನದ ಹನ್ನೊಂದನೇ ನಿಮಿಷದಲ್ಲೇ.

ಪಟ್ಟಿಯನ್ನು ಹೊಸದಾಗಿ ಇಳಿಸಿ, ತೆರೆಯದೆ ಹಾಗೇ ಕಳಿಸಿ ಅಂದೆ. ನಾನೇ ಕೂತು ಹಾಕಿದೆ. ಅವರು ಕಟ್ಟಿದ ಮೂರು ತಿಂಗಳ ಹಣ ವಾಪಸ್ ಮಾಡಿದೆ. ಆ ವಾರ ಬೇರೆ ಕೆಲಸವೆಲ್ಲ ಬದಿಗಿಟ್ಟೆವು. ನಂಬರ್ ಕೆಟ್ಟಿದ್ದರೆ ಯಾವ ಸಾಲಿನಲ್ಲಿ, ಯಾಕೆ ಅಂತ ತೋರಿಸುವ ಹಾಗೆ ಬದಲಿಸಿದೆವು. ಕಾರ್ಡ್ ಅವಧಿ ಮುಗಿಯುವ ತಿಂಗಳ ಮೊದಲೇ ತಿಳಿಸುವುದು, ಹಣ ಬರದಿದ್ದರೆ ಖಾತೆ ಮುಚ್ಚುವ ಮುಂಚೆ ಫೋನ್ ಮಾಡುವುದು ಅಂತ ಮಾಡಿಕೊಂಡೆವು. ಹೊಸಬರ ಮೊದಲ ಫೈಲ್ ಅನ್ನು ಕೆಲವು ತಿಂಗಳು ನಾನೇ ನೋಡುತ್ತಿದ್ದೆ.

ನಾಲ್ಕು ದಿನ ಬಿಟ್ಟು ಆ ರಿಸೆಪ್ಷನಿಸ್ಟ್ ತಾವಾಗಿಯೇ ಫೋನ್ ಮಾಡಿದರು. ಸಂದೇಶ ನೋಡಿದ ರೋಗಿಯೊಬ್ಬರು ನಾಳೆ ಬರೋಕಾಗಲ್ಲ ಅಂತ ತಿಳಿಸಿದ್ದರಂತೆ. ಆ ಸಮಯವನ್ನು ಕಾಯುತ್ತಿದ್ದ ಇನ್ನೊಬ್ಬರಿಗೆ ಕೊಟ್ಟರಂತೆ. ಹೇಳುವಾಗ ಅವರ ದನಿಯಲ್ಲಿ ಎಷ್ಟು ಖುಷಿ ಇತ್ತು! ಫೋನ್ ಇಟ್ಟು ಪಟ್ಟಿ ನೋಡಿದೆ. ಇನ್ನೂ ಹದಿಮೂರು ನಂಬರ್ ಬಾಕಿ ಇದ್ದವು. ಮುಂದಿನದಕ್ಕೆ ಹಚ್ಚಿದೆ.